ದ್ವಿಚಕ್ರ ಬೆನ್ನಾಸರೆ ಮೀಮಾಂಸೆ

1. ಪೀಠಿಕೆ

ವಿಜಯನಗರದ ಬಗ್ಗೆ ವಿದ್ವಾಂಸರು ಬರೆದದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಮಾತಂಗ ಬೆಟ್ಟಕ್ಕೆ ಜೋಡಿಯಾಗಿ ಇನ್ನೊಂದು ಬೆಟ್ಟ ಏಳುತ್ತದೆ. ಕಾಲುವೆ, ನಾಣ್ಯ, ಕೋಟೆ, ಅರಬ್ಬಿ ಕುದುರೆಯ ವ್ಯಾಪಾರ, ಯಾವುದನ್ನೂ ಅವರು ಬಿಟ್ಟಿಲ್ಲ. ಆದರೆ ಸವಾರನ ಹಿಂದೆ ಕೂತವರ ಬೆನ್ನಿನ ಗತಿ ಏನು ಎಂದು ಯಾರೂ ತಲೆ ಕೆಡಿಸಿಕೊಂಡಂತೆ ಕಾಣೆ. ಈ ಕೊರತೆ ನೀಗುವ ಹೊಣೆ ನನ್ನ ಮೇಲೆ ಬಿತ್ತು. ಬಿದ್ದದ್ದು ಹೊಸಪೇಟೆಯ ನಮ್ಮ ಓಣಿಯ ರೋಡ್ ಹಂಪಿನ ಮೇಲೆ, ನನ್ನ ಹಳೇ ಯೆಜ್ಡಿ ಎಗರಿ, ಹಿಂದೆ ಕೂತ ಮನೆಯಾಕೆ ನನ್ನ ಕಾಲರ್ ಹಿಡಿದು ಎಳೆದ ಗಳಿಗೆಯಲ್ಲಿ. (ಹಂಪಿಗೂ ಹಂಪಿಗೂ ಇರುವ ನಂಟು ಬೇರೆಯೇ ಪ್ರಬಂಧದ ವಸ್ತು.)

ಆಕೆ ಅಂದದ್ದು ಇಷ್ಟೇ: "ರೀ, ಹಿಂದ ಹಿಡ್ಕೊಳ್ಳಾಕ ಏನೂ ಇಲ್ಲ ನೋಡ್ರಿ."

ಸಾಮಾನ್ಯ ಗಂಡನೊಬ್ಬ ಇದರ ವಾಚ್ಯಾರ್ಥವನ್ನೇ ಹಿಡಿದು ಒಂದು ಹಿಡಿಕೆ ಹಾಕಿಸಿ ಸುಮ್ಮನಾಗುತ್ತಿದ್ದ. ಅಲಂಕಾರಶಾಸ್ತ್ರ ಓದಿದ ನನಗೆ ಧ್ವನಿ ಕೇಳಿಸಿತು. ಹಿಡಿಕೆ ಇಲ್ಲ ಎಂದರೆ ಆಸರೆ ಇಲ್ಲ. ಆಸರೆ ಬೇಕಾದದ್ದು ಬೆನ್ನಿಗೆ. ಆದ್ದರಿಂದ ಆಕೆ ಕೇಳಿದ್ದು ಬ್ಯಾಕ್‌ರೆಸ್ಟ್. ಹೌದೋ ಅಲ್ಲವೋ ಎಂದು ಆಕೆಯನ್ನೇ ಕೇಳುವುದು ಸಂಶೋಧನಾ ಶಿಸ್ತಿಗೆ ಒಪ್ಪುವ ಮಾತಲ್ಲ.

2. ಪದವಿಚಾರ

ಬೆನ್ನು + ಆಸರೆ = ಬೆನ್ನಾಸರೆ. ಲೋಪ ಸಂಧಿ. ಕೂಡುವ ಜಾಗದಲ್ಲೇ ಏನೋ ಒಂದು ಕಳೆದುಹೋಗುತ್ತದೆ ಎಂದು ವ್ಯಾಕರಣವೇ ಎಚ್ಚರಿಸಿತ್ತು. ನಾನು ಲಕ್ಷ್ಯ ಕೊಡಲಿಲ್ಲ. ಫಲ ಮುಂದೆ ಬರುತ್ತದೆ. ಸಮಾಸದಲ್ಲಿ ಇದು ಬೆನ್ನಿಗೆ ಆಸರೆ, ಅಂದರೆ ತತ್ಪುರುಷ. ಆರಂಭದಲ್ಲಿ ನಾನೂ ಹಾಗೆಯೇ ನಂಬಿದ್ದೆ.

3. ಆಕರ ಮತ್ತು ಪ್ರಮಾಣ

ಅಧ್ಯಯನದ ಆಕರ: ಯೆಜ್ಡಿ ರೋಡ್‌ಕಿಂಗ್, 1989ರ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಕೂಸು ಇನ್ನೂ ಹೊಗೆ ಬಿಡುತ್ತಿದೆ. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ಕರ್ ಹೊಡೆದು ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್. ಒಂದೇ ಲಿವರಿಗೆ ಎರಡು ಕೆಲಸ ಹಚ್ಚಿದ ಮೈಸೂರಿನವರು ಹಿಂದೆ ಕೂತವರ ಬೆನ್ನಿಗೆ ಮಾತ್ರ ಗಾಳಿಯನ್ನೇ ಆಸರೆಯಾಗಿ ಬಿಟ್ಟರು.

ಪ್ರಮಾಣ ಗ್ರಂಥ: ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಗಾಡಿಯೂ ನಿಯಮವೂ ಒಂದೇ ವರ್ಷ ಹುಟ್ಟಿದ ಅವಳಿಗಳು. 123ನೇ ನಿಯಮ ಹಿಂಬದಿ ಸವಾರರಿಗೆ ಮೂರು ಅನುಕೂಲ ಕೊಡಲೇಬೇಕು ಎನ್ನುತ್ತದೆ: ಹಿಡಿದುಕೊಳ್ಳಲು ಗಟ್ಟಿ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ. ಈ ಮರೆಯನ್ನೇ ನಾವು ಸೀರೆ ಗಾರ್ಡ್ ಅನ್ನುವುದು. ಬೆನ್ನಾಸರೆಯ ಸುದ್ದಿಯೇ ಇಲ್ಲ. ನನ್ನ ಗಾಡಿಯ ಹಿಡಿಕೆ ಎಂದೋ ಕಳಚಿ ಗುಜರಿ ಸೇರಿತ್ತು ಎಂಬ ಕ್ಷುಲ್ಲಕ ಸಂಗತಿಯನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

4. ಶಿಲ್ಪ ಸಾಕ್ಷ್ಯ

ಪುರಾವೆ ಹುಡುಕಿಕೊಂಡು ಹಂಪಿಗೆ ಹೋದೆ. ಹಜಾರರಾಮ ದೇಗುಲದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಸಾಲೇ ಸಾಲು. ಒಂದು ಕುದುರೆಗೂ ಬ್ಯಾಕ್‌ರೆಸ್ಟ್ ಇಲ್ಲ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥಕ್ಕೆ ಚಕ್ರವಿದೆ, ಎಳೆಯಲು ಆನೆಗಳಿವೆ. ಬೆನ್ನಾಸರೆಯ ಪ್ರಶ್ನೆ ಬರುವುದಿಲ್ಲ, ಏಕೆಂದರೆ ಅದು ಎಲ್ಲಿಗೂ ಹೋಗುವುದಿಲ್ಲ.

ನಿರಾಸೆಯಿಂದ ಮರಳುವಾಗ ಉಗ್ರನರಸಿಂಹ ಎದುರಾದ. ಕೃಷ್ಣದೇವರಾಯ 1528ರಲ್ಲಿ ಕಡೆಸಿದ 6.7 ಮೀಟರ್ ಎತ್ತರದ ಏಕಶಿಲಾ ಮೂರ್ತಿ. ಆದಿಶೇಷನ ಸುರುಳಿಯೇ ಆಸನ, ಬೆನ್ನ ಹಿಂದಿನಿಂದ ಎದ್ದ ಏಳು ಹೆಡೆಗಳೇ ನೆತ್ತಿಗೆ ನೆರಳು. "ಸಿಕ್ಕಿತು!" ಎಂದು ಕೂಗಿದೆ. ಪಕ್ಕದ ಪ್ರವಾಸಿಗರು ಏನು ಕಳೆದುಕೊಂಡಿದ್ದಿರಿ ಎಂದು ವಿಚಾರಿಸಿದರು.

ಆದರೆ ದೇವರ ಎಡತೊಡೆ ಬರಿದು. ಅಲ್ಲಿ ಲಕ್ಷ್ಮಿ ಕೂತಿದ್ದಳು. ಸಾಮ್ರಾಜ್ಯ ಹಾಳಾದ ಕಾಲದಲ್ಲಿ ಅವಳ ಮೂರ್ತಿಯನ್ನು ಒಡೆದರು. ಉಳಿದದ್ದು ಅವನ ಬೆನ್ನು ಬಳಸಿದ ಅವಳ ಒಂದು ಕೈ. ನಾನು ಶೇಷನ ಹೆಡೆ ಎಣಿಸಿದೆ, ಸುರುಳಿಯ ಬಾಗು ಬರೆದುಕೊಂಡೆ. ಆ ಕೈ ಹೇಳುತ್ತಿದ್ದ ಮಾತನ್ನು ಬರೆದುಕೊಳ್ಳಲಿಲ್ಲ.

5. ಕ್ಷೇತ್ರಕಾರ್ಯ

ಹೊಸಪೇಟೆಗೆ ಬಂದು ವೆಲ್ಡಿಂಗ್ ಅಂಗಡಿಯ ಹುಡುಗನ ಮುಂದೆ ಏಳು ಹೆಡೆಯ ನಕ್ಷೆ ಹರಡಿದೆ. ಆತ ಅದನ್ನು ಎರಡು ಸಲ ತಿರುಗಿಸಿ ನೋಡಿ ಕೇಳಿದ: "ಅದಿರ್ಲಿ ಸಾರ್, ಅಕ್ಕಾರು ಗಾಡಿ ಮ್ಯಾಲ ಹೆಂಗ ಕುಂದ್ರುತಾರ?"

ಈ ಪ್ರಶ್ನೆ ವಿಷಯದ ವ್ಯಾಪ್ತಿಗೆ ಹೊರತು ಎಂದು ತಿಳಿಸಿದೆ.

ಹೆಡೆ ಏಳರಿಂದ ಒಂದಕ್ಕೆ ಇಳಿಯಿತು. ಮುಕ್ಕಾಲು ಇಂಚಿನ ಪೈಪನ್ನು ಬಿಸಿ ಮಾಡಿ ಬಾಗಿಸಿ, ಕ್ಯಾರಿಯರಿಗೆ ಬೆಸೆದು, ಮೇಲೆ ಹಲಗೆ, ಫೋಮ್, ರೆಕ್ಸಿನ್. ಪೈಪು ಎತ್ತರವಿದ್ದಷ್ಟೂ ಗೌರವ ಹೆಚ್ಚು ಎಂಬುದು ನನ್ನ ವಾದ. ಎತ್ತರವಿದ್ದಷ್ಟೂ ಬುಡದ ಬೆಸುಗೆಯ ಮೇಲೆ ಎಳೆತ ಹೆಚ್ಚು ಎಂಬುದು ಹುಡುಗನ ವಾದ. ದುಡ್ಡು ಕೊಡುವವನ ವಾದ ಗೆದ್ದಿತು.

6. ಪ್ರಯೋಗ

ಮೊದಲ ಪ್ರಯೋಗ ಸಂಡೂರಿಗೆ, ಅಕ್ಕನ ಮಗನನ್ನು ಕೂರಿಸಿಕೊಂಡು. ಎರಡೂ ಕಡೆ ಕಾಲು ಹಾಕಿ ಕೂತು ಮಹಾರಾಜನಂತೆ ಒರಗಿದ. ಏರು ಬಂದಾಗ ಬೆನ್ನಾಸರೆ ಅವನನ್ನು ಹಿಡಿದು ನಿಲ್ಲಿಸಿತು, ನಿಜ. ಆದರೆ ಭಾರವೆಲ್ಲ ಹಿಂದಿನ ಚಕ್ರದ ಆಚೆ ಜಗ್ಗಿ ಮುಂದಿನ ಚಕ್ರ ಹಗುರಾಯಿತು. ಹ್ಯಾಂಡಲ್ ನನ್ನ ಮಾತು ಕೇಳುವ ಮೊದಲು ಯೋಚಿಸತೊಡಗಿತು. ಅದಿರಿನ ಲಾರಿಗಳ ಕೆಂಪು ದೂಳಿನಲ್ಲಿ ಒಂದು ಗುಂಡಿ ಕಾಣಲಿಲ್ಲ. ಟಣ್ ಎಂದಿತು. ಬೆಸುಗೆ ಬಾಯಿ ಬಿಟ್ಟಿತ್ತು: ಲೋಪ ಸಂಧಿಗೆ ಪ್ರತ್ಯಕ್ಷ ಉದಾಹರಣೆ.

"ಮಾವಾ, ಒರಗಾಕ ಚಲೋ ಐತಿ," ಅಂದ ಹುಡುಗ ಕೆಳಗಿಳಿಯಲು ಪರದಾಡುತ್ತ, "ಇಳಿಯಾಕ ಕಾಲು ಎಲ್ಲಿಂದ ತೆಗೀಲಿ?" ನಾನೂ ಹತ್ತುವಾಗಲೆಲ್ಲ ಆ ಪೈಪನ್ನು ಒದ್ದಿದ್ದೆ, ಹೇಳಿರಲಿಲ್ಲ, ಅಷ್ಟೇ.

ಅಪಮಾನ ಮರೆಸಲು ಸಂಡೂರಿನಲ್ಲಿ ಲಂಬಾಣಿ ಕಸೂತಿಯ ಬಟ್ಟೆ ಕೊಂಡೆ. ಭೌಗೋಳಿಕ ಸೂಚಿಕೆ ಪಡೆದ ಕಲೆ, ಬಿಲ್ಲೆ ಬಿಲ್ಲೆ ಕನ್ನಡಿ. ಬೆನ್ನಾಸರೆಗೆ ಅದನ್ನೇ ಹೊದಿಸಿದೆ. ಒರಗಿದರೆ ಕನ್ನಡಿ ಚುಚ್ಚುತ್ತಿತ್ತು. ಆದರೆ ಮಬ್ಬುಗತ್ತಲಲ್ಲಿ ಲಾರಿಯ ಬೆಳಕು ಬಿದ್ದು ಗಾಡಿಯ ಹಿಂಭಾಗ ಜಾತ್ರೆಯಂತೆ ಮಿನುಗಿತು, ಲಾರಿಯವರು ದೂರದಿಂದಲೇ ಪಕ್ಕಕ್ಕೆ ಸರಿದರು. ಈ ಲಾಭ ನನ್ನ ಪರಿಕಲ್ಪನೆಯಲ್ಲಿ ಇರಲಿಲ್ಲ.

ಹೊಸಪೇಟೆಗೆ ಮರಳಿದ ಮೇಲೆ ವೆಲ್ಡಿಂಗ್ ಹುಡುಗ ಒಂದೂ ಮಾತಾಡದೆ ಪೈಪನ್ನು ಅರ್ಧ ಮೊಳ ಕತ್ತರಿಸಿ, ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೆ ಎರಡೂ ಬದಿ ಪಟ್ಟಿ ಕೊಟ್ಟು ಬಿಗಿದ. ಈಗ ಅದು ಅಲುಗಲಿಲ್ಲ.

ಎರಡನೆಯ ಪ್ರಯೋಗ ಕಂಪ್ಲಿಗೆ. ಕಂಪಿಲರಾಯ, ಕುಮಾರರಾಮರ ಕಂಪ್ಲಿ ಇತಿಹಾಸಕಾರರಿಗೆ. ನನಗೆ ಅದು ಮಾವನ ಮನೆ. ಹೊರಡುವ ಹೊತ್ತಿಗೆ ಮನೆಯಾಕೆ ಬಂದು, ಕನ್ನಡಿ ಬಿಲ್ಲೆಗಳಲ್ಲಿ ಒಮ್ಮೆ ಮುಖ ನೋಡಿಕೊಂಡು, ಮದುವೆಯಾದಾಗಿನಿಂದ ಕೂರುವಂತೆಯೇ ಕೂತಳು: ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಸೆರಗು ಸುತ್ತಿಕೊಂಡು, ಅಡ್ಡಡ್ಡ.

ಆಕೆಯ ಬೆನ್ನು ಬಲಗಡೆಯ ಬಯಲಿಗೆ. ಬೆನ್ನಾಸರೆ ಆಕೆಯ ಎಡಗೈಗೆ.

ಆಕೆ ಎಡಗೈಯಿಂದ ಪೈಪನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಮಲಾಪುರ ದಾಟುವವರೆಗೂ ಕಾಲರಿಗೆ ಕೈ ಹಾಕಲಿಲ್ಲ. "ಈಗ ಚಲೋ ಆತು ನೋಡ್ರಿ," ಅಂದಳು. "ಹಿಡ್ಕೊಳ್ಳಾಕ ಐತಿ."

ಕಂಪ್ಲಿ ತುಂಗಭದ್ರೆಯ ನೀರುಂಡ ಭತ್ತದ ಸೀಮೆ. ತವರಿನವರು ಬರಿಗೈಲಿ ಕಳಿಸುವವರಲ್ಲ. ಮರಳುವಾಗ ಹತ್ತು ಕಿಲೋ ಅಕ್ಕಿಯ ಚೀಲ ಬಂತು. ಆಕೆ ಅದನ್ನು ತನ್ನ ಪಕ್ಕಕ್ಕೆ, ಕಸೂತಿಗೆ ಒರಗಿಸಿ ಕಟ್ಟಿದಳು. ದಾರಿಯುದ್ದಕ್ಕೂ ಅಕ್ಕಿ ಹಾಯಾಗಿ ಒರಗಿ ಬಂತು.

7. ಸಿದ್ಧಾಂತ

ಎರಡನೆಯ ಭಾಗದ ನಿರ್ಣಯವನ್ನು ಹಿಂಪಡೆಯುತ್ತೇನೆ. ಬೆನ್ನಾಸರೆ ತತ್ಪುರುಷವಲ್ಲ. ಬೆನ್ನೂ ಮುಖ್ಯವಲ್ಲದೆ, ಆಸರೆಯೂ ಮುಖ್ಯವಲ್ಲದೆ, ಬೇರೊಂದು ಪದಾರ್ಥವೇ ಮುಖ್ಯವಾದಾಗ ಅದು ಬಹುವ್ರೀಹಿ. ಬಹುವ್ರೀಹಿ ಎಂಬ ಮಾತಿಗೇ ಬಹಳ ಅಕ್ಕಿ ಉಳ್ಳವನು ಎಂದರ್ಥ. ಹತ್ತು ಕಿಲೋ ಸಾಕ್ಷಿ ಇದೆ.

ಇನ್ನು, ಹಿಡಿಕೆ ಬೇಕು ಎಂದು 123ನೇ ನಿಯಮ ಹೇಳಿತ್ತು, ಮನೆಯಾಕೆ ಹೇಳಿದ್ದಳು, ನರಸಿಂಹನ ಬೆನ್ನ ಮೇಲಿನ ಕೈ ಹೇಳಿತ್ತು. ವೆಲ್ಡಿಂಗ್ ಹುಡುಗ ನೇರವಾಗಿ ಕೇಳಿಯೇ ಬಿಟ್ಟಿದ್ದ. ನಾಲ್ಕು ಪ್ರಮಾಣಗಳನ್ನು ಕಡೆಗಣಿಸಿ ಇಷ್ಟು ದೂರ ಬರಲು ಪಾಂಡಿತ್ಯವೇ ಬೇಕು.

ಆದ್ದರಿಂದ ಹಳೆಯ ಗಾಡಿಯುಳ್ಳ ಸಹೃದಯರಲ್ಲಿ ಅರಿಕೆ: ಹಿಂದೆ ಕೂರುವವರನ್ನು ಮೊದಲು ಕೇಳಿ, ತೂತು ಆಮೇಲೆ ಕೊರೆಯಿರಿ.