17 ಗಂಡು, 23 ಹೆಣ್ಣು

ಟಿನ್ ಫ್ಯಾಕ್ಟರಿ ಸಿಗ್ನಲ್ಲು ಖಾಲಿ ಇರುವುದನ್ನು ಕಣ್ಣಾರೆ ಕಂಡವರು ಬೆಂಗಳೂರಿನಲ್ಲಿ ಇಬ್ಬರೇ: ಹಾಲಿನ ವ್ಯಾನಿನವರು ಮತ್ತು ನಮ್ಮ ಹಕ್ಕಿ ರಾಯರು. ಭಾನುವಾರ ಬೆಳಗಿನ ಜಾವ ಇಂದಿರಾನಗರದಿಂದ ಹೊರಟು, ಕೆ.ಆರ್. ಪುರದ ತೂಗುಸೇತುವೆ ದಾಟಿ, ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಏರಿಯ ಮೇಲೆ ಅವರು ಮುಕ್ಕಾಲಿ ಊರುವ ಹೊತ್ತಿಗೆ ಸೂರ್ಯ ಇನ್ನೂ ಹೊಸಕೋಟೆಯ ಆಚೆಗೇ ಇರುತ್ತಾನೆ. ಮೈಮೇಲೆ ಸೈನಿಕರ ಎಲೆಬಣ್ಣದ ಜಾಕೆಟ್ಟು, ತಲೆಗೆ ಅದೇ ಬಣ್ಣದ ಟೋಪಿ. ಟೋಪಿಯ ಕೆಳಗೆ ಮಾತ್ರ ಹೆಂಡತಿ ಹೆಣೆದುಕೊಟ್ಟ ಕೆಂಪು ಮಂಕಿ ಕ್ಯಾಪು. ಹಕ್ಕಿಗಳಿಗೆ ಮೊದಲು ಕಾಣುವುದು ಅದೇ.

ರಾಯರು ದೂರವಾಣಿನಗರದ ಐಟಿಐನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಟೆಲಿಫೋನಿನ ಡಯಲ್ಲು ಕೈಗೆ ಬಂದರೆ ಪಾಸ್, ಇಲ್ಲವೇ ರಿಜೆಕ್ಟ್. ಅವರ ಮೇಜಿನ ಮೇಲೆ ಇದ್ದದ್ದು ಈ ಎರಡೇ ಸೀಲು. 'ಗೊತ್ತಿಲ್ಲ' ಎಂಬ ಸೀಲು ಅಲ್ಲಿರಲಿಲ್ಲ. ಆ ಅಭ್ಯಾಸ ಹಕ್ಕಿಗೂ ಬಂತು. ಕಂಡದ್ದು ಗಂಡು, ಇಲ್ಲವೇ ಹೆಣ್ಣು.

ಮಳೆಗಾಲದಲ್ಲಿ ಇದು ಕಷ್ಟವೇನಲ್ಲ. ಗಂಡು ಗೀಜಗ ಅರಿಶಿನ ಮೆತ್ತಿಕೊಂಡ ಮದುಮಗನ ಹಾಗೆ ಹಳದಿ ನೆತ್ತಿ ತೋರಿಸಿಕೊಂಡು, ಈಚಲು ಮರದಲ್ಲಿ ಅರ್ಧ ಗೂಡು ಹೆಣೆದು ರೆಕ್ಕೆ ಬಡಿಯುತ್ತಿರುತ್ತದೆ. ಹೆಣ್ಣು ಬಂದು ಸೈಟು ನೋಡುವವರಂತೆ ಒಳಗೆ ಹೊರಗೆ ಪರೀಕ್ಷಿಸಿ, ಒಪ್ಪಿದರೆ ಮಾತ್ರ ಉಳಿದರ್ಧ ಕಾಮಗಾರಿ. ಒಂದು ಮನೆ ತುಂಬಿಸಿದ ಗಂಡು ಪಕ್ಕದಲ್ಲೇ ಇನ್ನೊಂದಕ್ಕೆ ಪಾಯ ಹಾಕುತ್ತದೆ. ಸಲೀಂ ಅಲಿಯವರು 1930ರ ಸುಮಾರಿಗೆ ಕಿಹೀಮ್‌ನಲ್ಲಿ ಕೂತು ನೋಡಿ ಬರೆದದ್ದು ಈ ಸಂಸಾರವನ್ನೇ. ರಾಯರು ಈ ಭಾಗವನ್ನು ಹೆಂಡತಿ ಜೊತೆಯಲ್ಲಿದ್ದರೆ ಹೇಳುವುದಿಲ್ಲ.

ತಾಪತ್ರಯ ಶುರುವಾಗುವುದು ದೀಪಾವಳಿ ಆಸುಪಾಸಿನಲ್ಲಿ. ಮದುವೆ ಮುಗಿದ ಮೇಲೆ ಬಾಡಿಗೆ ಶೇರ್ವಾನಿ ವಾಪಸು ಕೊಟ್ಟ ಹಾಗೆ ಗಂಡು ಹಳದಿ ಕಳಚಿ ಕಂದು ಗೆರೆಯ ಪುಕ್ಕ ತೊಡುತ್ತದೆ. ಗಂಡ ಯಾರು, ಹೆಂಡತಿ ಯಾರು, ಪಕ್ಕದ ಮನೆಯ ಗುಬ್ಬಿ ಯಾರು, ಒಂದೂ ತಿಳಿಯದು. ಬಲ್ಲವರು ಈ ಕಾಲದಲ್ಲಿ 'ಗೀಜಗ, 40' ಎಂದು ಬರೆದು ಫ್ಲಾಸ್ಕಿನ ಕಾಫಿ ಕುಡಿಯುತ್ತಾರೆ. ರಾಯರು ಜೊಂಡಿನ ಕಡೆ ಬೆರಳು ತೋರಿಸಿ ಘೋಷಿಸಿದರು: "17 ಗಂಡು, 23 ಹೆಣ್ಣು."

ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಈಗ ಎರಡೂ ಒಂದೇ ಥರ ಇರ್ತಾವಲ್ಲ ಅಂಕಲ್, ಹೇಗೆ ಗೊತ್ತಾಗುತ್ತೆ?"

"ಗತ್ತು ನೋಡಮ್ಮ, ಗತ್ತು!"

ಅಷ್ಟರಲ್ಲಿ ಅರ್ಧ ಹಿಂಡು ಹಾರಿತು. "ಈಗ ಹೋದವೆಲ್ಲ ಗಂಡು" ಎಂದರು ರಾಯರು. ಯಾರೂ ಮಾತಾಡಲಿಲ್ಲ, ಆಡಲು ಆಧಾರವೂ ಇರಲಿಲ್ಲ. ಆ ಹುಡುಗಿಯೇ ಹಿಂದೊಮ್ಮೆ ನಂದಿಬೆಟ್ಟದಲ್ಲಿ, ಚಳಿಗಾಲಕ್ಕೆ ಉತ್ತರದಿಂದ ಬರುವ ರೋಸ್‌ಫಿಂಚನ್ನು ರಾಯರು 'ಹೆಣ್ಣು' ಎಂದಾಗ, ಮೊದಲ ವರ್ಷದ ಗಂಡೂ ತಾಯಿಯ ಕಂದು ಬಣ್ಣದಲ್ಲೇ ಇರುತ್ತದೆ ಎಂದು ನೆನಪಿಸಿದ್ದಳು. "ಇದಕ್ಕೆ ಎರಡನೇ ವರ್ಷ" ಎಂದಿದ್ದರು ಅವರು, ಆಧಾರ್ ಕಾರ್ಡು ನೋಡಿದವರ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ ಕೆಲವು ಸಲ ಅವರು ಸರಿಯಾಗಿಯೇ ಹೇಳುತ್ತಾರೆ. ನಮ್ಮ ಬಾಲ್ಕನಿಯ ದಾಸವಾಳಕ್ಕೆ ಬಂದ ಕಪ್ಪು ಸೂರಕ್ಕಿಯನ್ನು ನಾವೆಲ್ಲ ಹೆಣ್ಣು ಎಂದುಕೊಂಡಿದ್ದೆವು. ಅದರ ಹಳದಿ ಎದೆಯ ನಡುವೆ ಗಂಟಲಿನಿಂದ ಇಳಿದ ಕಪ್ಪು ಪಟ್ಟಿಯನ್ನು ಅವರೇ ತೋರಿಸಿದರು. "ಗಂಡು. ಗ್ರಹಣ ಹಿಡಿದಿದೆ" ಎಂದರು. ಹೊಳೆಯುವ ಬಣ್ಣ ಮರೆಯಾದ ಈ ಪುಕ್ಕಕ್ಕೆ ಇಂಗ್ಲಿಷಿನವರು ಗ್ರಹಣದ ಹೆಸರನ್ನೇ ಇಟ್ಟಿದ್ದಾರೆ. ಮಾತಿನ ಕೊನೆಯಷ್ಟೇ ಕಿವಿಗೆ ಬಿದ್ದ ಪಕ್ಕದ ಮನೆಯ ಅಜ್ಜಿ ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಲು ಒಳಗೆ ಓಡಿದರು.

ಮೊಮ್ಮಗಳು ಹಕ್ಕಿ ಬೇಕೆಂದು ಹಟ ಹಿಡಿದದ್ದು ಇದೇ ದಿನಗಳಲ್ಲಿ. ಪಂಜರವೆಂದರೆ ಭಾಷಣ ಮಾಡುವ ರಾಯರು ಮೊಮ್ಮಗಳ ಮುಂದೆ ಮೂಕ. ಶಿವಾಜಿನಗರಕ್ಕೆ ಹೋದೆವು. 1927ರ ರಸೆಲ್ ಮಾರ್ಕೆಟ್ಟಿನ ಗೋಪುರ ಕಾಣುವ ಗಲ್ಲಿಯೊಂದರಲ್ಲಿ ಅಂಗಡಿ. ನಮ್ಮ ಕಾಡಿನ ರಾಟವಾಳಗಳನ್ನು ಹಿಡಿದು ಮಾರುವುದು ಅಪರಾಧ. ಆದ್ದರಿಂದ ಪಂಜರದಲ್ಲಿ ಇದ್ದವು ಜೀಬ್ರಾ ಫಿಂಚು ಮತ್ತು ಬೆಂಗಾಲಿ ಫಿಂಚು. ಜೀಬ್ರಾ ಆಸ್ಟ್ರೇಲಿಯಾದ್ದು. ಅದರ ಗಂಡಿಗೆ ವರ್ಷವಿಡೀ ಕೆನ್ನೆಯಲ್ಲಿ ಕಿತ್ತಳೆ ಬಣ್ಣ, ಮಗುವೂ ಗುರುತಿಸಬಹುದು. ಅದಕ್ಕೇ ಇರಬೇಕು, ರಾಯರಿಗೆ ಬೇಡವಾಯಿತು. ಬೆಂಗಾಲಿ ಎಂದರೆ ಹೆಸರಷ್ಟೇ ಬಂಗಾಳದ್ದು. ಜಪಾನಿನಲ್ಲಿ ಸಾಕಿ ಬೆಳೆಸಿದ, ಕಾಡನ್ನೇ ಕಾಣದ ತಳಿ. ಗಂಡಿಗೂ ಹೆಣ್ಣಿಗೂ ಯಾವ ಋತುವಿನಲ್ಲೂ ಪುಕ್ಕದಲ್ಲಿ ವ್ಯತ್ಯಾಸವಿಲ್ಲ.

"ಸಾರ್, ನೋಡಿದ್ರೆ ಗೊತ್ತಾಗಲ್ಲ" ಎಂದ ಅಂಗಡಿಯ ಹುಡುಗ. "ಹತ್ತು ನಿಮಿಷ ನಿಲ್ಲಿ. ಯಾವುದು ಹಾಡುತ್ತೋ ಅದು ಗಂಡು. ಆಮೇಲೆ ಜೋಡಿ ಹಿಡಿದು ಕೊಡ್ತೀನಿ."

"ಹನ್ನೆರಡು ವರ್ಷದಿಂದ ಹಕ್ಕಿ ನೋಡ್ತಾ ಇದೀನಪ್ಪ" ಎಂದರು ರಾಯರು. ಕನ್ನಡಕ ಏರಿಸಿ ಒಮ್ಮೆ ಬಗ್ಗಿದರು. "ಆ ದಪ್ಪ ತಲೆ ಗಂಡು. ಈ ಸಪೂರ ಹೆಣ್ಣು. ಕಟ್ಟು."

ಹುಡುಗ ನನ್ನ ಮುಖ ನೋಡಿದ. ನಾನು ರಸೆಲ್ ಮಾರ್ಕೆಟ್ಟಿನ ಗೋಪುರ ನೋಡಿದೆ.

ಮೊಮ್ಮಗಳು ಅವಕ್ಕೆ ಕೃಷ್ಣ, ರಾಧೆ ಎಂದು ಹೆಸರಿಟ್ಟಳು. ಮೂರನೆಯ ದಿನ ಕೃಷ್ಣ ಗಂಟಲುಬ್ಬಿಸಿ, ಕುಪ್ಪಳಿಸಿ ಹಾಡಿದ; ರಾಯರು ನನಗೆ ಫೋನು ಹಚ್ಚಿ ಕೇಳಿಸಿದರು. ವಾರ ಕಳೆಯಿತು. "ತಾತ, ರಾಧೆನೂ ಹಾಡ್ತಿದಾಳೆ" ಎಂದು ಮೊಮ್ಮಗಳು ಕೂಗಿದಳು. ಫೋನಿನಲ್ಲಿ ಈಗ ಯುಗಳಗೀತೆ.

"ಹವಾಮಾನ ಬದಲಾವಣೆ ಕಣ್ರೀ" ಎಂದರು ರಾಯರು.

ಪಂಜರದಲ್ಲಿ ಗೂಡಿನ ಮಡಕೆ ಕಟ್ಟಿ, ತೆಂಗಿನ ನಾರು ಹಾಸಿ ನಾಲ್ಕು ತಿಂಗಳಾಯಿತು. ಇನ್ನೂ ಮೊಟ್ಟೆ ಬಂದಿಲ್ಲ.