ಗೂಢಚಾರ ಕೀಬೋರ್ಡ್

"ಸಾರ್, ನಿಮ್ಮ ಕನ್ನಡ ಕೀಬೋರ್ಡ್ ಆ್ಯಪ್ ಗೂಢಚಾರ ಅಂತ ವೀಡಿಯೊ ಹಾಕಿದೀನಿ."

"ಸಾಕ್ಷಿ ಏನಪ್ಪಾ?"

"ಆನ್ ಮಾಡುವಾಗ ಆಂಡ್ರಾಯ್ಡೇ ಹೇಳ್ತು, ಪಾಸ್‌ವರ್ಡ್ ಸಮೇತ ಎಲ್ಲಾ ಸಂಗ್ರಹಿಸಬಹುದು ಅಂತ!"

"ಹೊರಗಿಂದ ಹಾಕಿಕೊಂಡ ಯಾವ ಕೀಬೋರ್ಡ್‌ಗೂ ಅದೇ ಎಚ್ಚರಿಕೆ ಬರುತ್ತೆ ಮಾರಾಯ. ನನ್ನದಕ್ಕೆ ಇಂಟರ್ನೆಟ್ ಅನುಮತಿಯೇ ಇಲ್ಲ. ಕದ್ದು ಕಳಿಸೋದು ಹೇಗೆ?"

"ಅಲ್ಲೇ ಇರೋದು ಕಿತಾಪತಿ! ಕಳ್ಳ ಯಾವತ್ತಾದ್ರೂ ಅನುಮತಿ ಕೇಳ್ತಾನಾ?"

"ಡೇಟಾ ಹೊರಗೆ ಹೋಗಿದ್ದನ್ನ ಕಣ್ಣಾರೆ ನೋಡಿದ್ಯಾ?"

"ಟೈಮ್ ಎಲ್ಲಿ ಸಾರ್? ಥಂಬ್‌ನೇಲ್ ಮಾಡೋದ್ರಲ್ಲೇ ಬೆಳಗಾಯ್ತು."

(2010ರಲ್ಲಿ ಆ್ಯಂಟಿವೈರಸ್ ಕಂಪನಿ ಮೆಕಾಫಿಯಂಥ ಮೆಕಾಫಿಯೇ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನು ವೈರಸ್ ಅಂತ ಹಿಡಿದು ಕಂಪ್ಯೂಟರ್‌ಗಳನ್ನು ಮಲಗಿಸಿತ್ತು. ಅದು ಕ್ಷಮೆಯನ್ನಾದರೂ ಕೇಳಿತು.)

"ಜನ ಆ್ಯಪ್ ಕಿತ್ತು ಹಾಕ್ತಿದಾರೆ. ನಮ್ಮತ್ತೆನೂ ತೆಗೆದ್ರು. ತಪ್ಪಾಯ್ತು ಅಂತ ಒಂದು ವೀಡಿಯೊ ಮಾಡಪ್ಪ."

"ಮಾಡದೇ ಇರ್ತೀನಾ? ಹೆಸರು ಆಗಲೇ ಇಟ್ಟಾಯ್ತು: 'ಭಾಗ ಎರಡು: ನನ್ನ ಬಾಯಿ ಮುಚ್ಚಿಸಲು ಬಂದ ಆರೋಪಿ!'"