ಸುಳ್ಳಿನ ಶುದ್ಧಪಾಠ: ಒಂದು ಶ್ರವಣಮೀಮಾಂಸೆ

ಸಂಶಯವಿಲ್ಲದೆ ಶಾಸ್ತ್ರ ಹುಟ್ಟದು, ವಿಷಯವಿಲ್ಲದೆ ಸಂಶಯ ಹುಟ್ಟದು. ಆದ್ದರಿಂದ ಮೊದಲು ವಿಷಯ. ಒಬ್ಬಾತ ಹಸಿಸುಳ್ಳುಗಳನ್ನು ಪೋಣಿಸಿ ಆತ್ಮಕಥೆ ಬರೆದು ಸತ್ತುಹೋಗಿದ್ದಾನೆ. ನೂರು ವರ್ಷ ಕಳೆದ ಮೇಲೆ ಇನ್ನೊಬ್ಬ, ಕಾಸಿನ ಸಂಬಳವಿಲ್ಲದೆ, ಅದನ್ನು ಮೈಕಿನ ಮುಂದೆ ಓದುತ್ತಾನೆ. ಮತ್ತೊಬ್ಬಳು, ಅವಳಿಗೂ ಸಂಬಳವಿಲ್ಲ, ಹೆಡ್‌ಫೋನು ಸಿಕ್ಕಿಸಿಕೊಂಡು ಅದರಲ್ಲಿ ತಪ್ಪು ಹುಡುಕುತ್ತಾಳೆ. ಇನ್ನು ಸಂಶಯ: ಇಲ್ಲಿ ತಪ್ಪು ಎನ್ನತಕ್ಕದ್ದು ಯಾವುದು?

ಈ ಕರ್ಮ ನಡೆಯುವ ಯಾಗಶಾಲೆಗೆ ಲಿಬ್ರಿವಾಕ್ಸ್ ಎಂದು ಹೆಸರು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಗ್ವಾಯರ್ ಎಂಬವರು ಇದನ್ನು ಆರಂಭಿಸಿದರು. ಹಕ್ಕುಸ್ವಾಮ್ಯ ತೀರಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ, ಯಾರು ಬೇಕಾದರೂ ಪುಕ್ಕಟೆ ಕೇಳುವಂತೆ ಬಿಟ್ಟುಕೊಡುವುದು ಇದರ ವ್ರತ. ಮೊದಲು ಓದಿದ ಪುಸ್ತಕ ಜೋಸೆಫ್ ಕಾನ್ರಾಡ್ ಬರೆದ ಗೂಢಚಾರನೊಬ್ಬನ ಕಾದಂಬರಿ. ಇಬ್ಬಗೆಯ ಬದುಕಿನವನಿಂದಲೇ ಶುಭಾರಂಭವಾಯಿತು ಎಂಬುದನ್ನು ಗಮನಿಸತಕ್ಕದ್ದು, ಗಮನಿಸಿ ಸುಮ್ಮನಿರತಕ್ಕದ್ದು.

ಯಾಗಕ್ಕೆ ಋತ್ವಿಜರು ಬೇಕಷ್ಟೆ. ಓದುವವನು ಹೋತೃ. ಯಾರು ಯಾವ ಅಧ್ಯಾಯ ಓದಬೇಕೆಂದು ಹಂಚಿ, ತಡಮಾಡಿದವರನ್ನು ಮೆಲ್ಲಗೆ ತಿವಿಯುವ ಬುಕ್ ಕೋಆರ್ಡಿನೇಟರ್ ಅಧ್ವರ್ಯು. ಎಲ್ಲ ಮುಗಿದ ಮೇಲೆ ಕಡತಗಳನ್ನು ಸೂಚಿಗೆ ಏರಿಸುವವರು ಮೆಟಾ ಕೋಆರ್ಡಿನೇಟರ್. ನಾಲ್ಕನೆಯವಳೇ ನಮ್ಮ ನಾಯಿಕೆ, ಪ್ರೂಫ್ ಕೇಳುವವಳು. ಶ್ರೌತಯಾಗದಲ್ಲಿ ಬ್ರಹ್ಮನೆಂಬ ಋತ್ವಿಜ ದಕ್ಷಿಣ ದಿಕ್ಕಿನಲ್ಲಿ ಮಾತಿಲ್ಲದೆ ಕುಳಿತು, ಉಳಿದವರು ಎಲ್ಲಿ ಎಡವಿದರು ಎಂದು ನೋಡುತ್ತಾನೆ, ಎಡವಿದಾಗ ಪ್ರಾಯಶ್ಚಿತ್ತ ಹೇಳುತ್ತಾನೆ. ಇವಳದೂ ಅದೇ ಸ್ಥಾನ. ಆ ಬ್ರಹ್ಮನಿಗೆ ದಕ್ಷಿಣೆ ಉಂಟು, ಇವಳಿಗೆ ಇಲ್ಲ.

ವಿಧಿನಿಷೇಧಗಳು ಕಟ್ಟುನಿಟ್ಟು. ಧ್ವನಿಯ ಮಟ್ಟ 89 ಡೆಸಿಬೆಲ್ ಆಸುಪಾಸಿನಲ್ಲಿರಬೇಕು. ಎಂಪಿ3 ಕಡತ 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್. ಮೊದಲಿಗೆ ಅರೆ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಮೌನ, ಕೊನೆಗೆ ಐದು ಸೆಕೆಂಡು ಮೌನ. ಹೊಸಬರು ಬಂದರೆ ಒಂದು ನಿಮಿಷ ಓದಿ ಪರೀಕ್ಷೆಗೆ ಒಪ್ಪಿಸಬೇಕು. ಉಚ್ಚಾರಣೆ ಯಾವ ದೇಶದ್ದಾದರೂ ಆಕ್ಷೇಪವಿಲ್ಲ. ಆದರೆ ಪಠ್ಯದಲ್ಲಿರುವುದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು, ಇಷ್ಟವಿಲ್ಲದ್ದನ್ನು ತಿದ್ದಬಾರದು. ಈ ಕೊನೆಯ ವಿಧಿಯನ್ನು ನಾವು ‘ಯಥಾ ಮುದ್ರಿತಂ ತಥಾ ಶ್ರಾವ್ಯಮ್’ ಎಂದು ಸೂತ್ರೀಕರಿಸಿದ್ದೇವೆ. ಸೂತ್ರ ನಮ್ಮದೇ ಆದ್ದರಿಂದ ಭಾಷ್ಯಕ್ಕೂ ನಾವೇ ಹೊಣೆ.

ಇನ್ನು ಪರೀಕ್ಷಾಗ್ರಂಥ. ಸಂದೇಹಾಸ್ಪದ ಆತ್ಮಕಥೆಗಳ ಸಾಲಿನಲ್ಲಿ ಪಟ್ಟದಾನೆಯಂಥದು ‘ದಿ ಅಡ್ವೆಂಚರ್ಸ್ ಆಫ್ ಲೂಯಿ ದ ರೂಜ್‌ಮಾಂಟ್’. 1898ರ ಆಗಸ್ಟಿನಿಂದ ಲಂಡನ್ನಿನ ‘ವೈಡ್ ವರ್ಲ್ಡ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1899ರಲ್ಲಿ ಪುಸ್ತಕವಾಯಿತು. ಕಥಾನಾಯಕ ಮುತ್ತಿನ ಚಿಪ್ಪು ಹುಡುಕಿ ಹೊರಟ ಹಡಗು ಒಡೆದು, ಬ್ರೂನೋ ಎಂಬ ನಾಯಿಯೊಡನೆ ಮರಳುದಿಬ್ಬವೊಂದನ್ನು ಸೇರುತ್ತಾನೆ. ಮುತ್ತಿನ ಚಿಪ್ಪುಗಳಿಂದ ಮನೆ ಕಟ್ಟುತ್ತಾನೆ. ಕಡಲಾಮೆಯ ಬೆನ್ನೇರಿ ನೀರಿನಲ್ಲಿ ಸವಾರಿ ಮಾಡುತ್ತಾನೆ. ಪೆಲಿಕನ್ ಹಕ್ಕಿಗಳ ಕೊರಳಿಗೆ ಓಲೆ ಕಟ್ಟಿ ಹಾರಿಬಿಡುತ್ತಾನೆ. ಕೊನೆಗೆ ಆಸ್ಟ್ರೇಲಿಯಾದ ನೆಲ ಮುಟ್ಟಿ, ಯಾಂಬಾ ಎಂಬ ಮೂಲನಿವಾಸಿ ಹೆಂಡತಿಯೊಡನೆ, ಅಲ್ಲಿನವರ ನಡುವೆ ಬಹುಕಾಲ ದೊರೆಯಂತೆ ಬಾಳುತ್ತಾನೆ. ಒಟ್ಟು ವನವಾಸ ಮೂವತ್ತು ವರ್ಷ. ಪಾಂಡವರಿಗೆ ಹನ್ನೆರಡೇ ಸಾಕಾಗಿತ್ತು.

ವಸ್ತುಸ್ಥಿತಿ ಬೇರೆ. ಇವನ ನಿಜನಾಮ ಆನ್ರಿ ಲೂಯಿ ಗ್ರಿನ್, ಹುಟ್ಟಿದ್ದು 1847ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ನಟಿ ಫ್ಯಾನಿ ಕೆಂಬಲ್ ಬಳಿ ಊಳಿಗಕ್ಕಿದ್ದವನು, 1875ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗವರ್ನರ್ ರಾಬಿನ್‌ಸನ್ ಅವರ ಬಟ್ಲರ್ ಆಗಿ ಅಲ್ಲಿಗೆ ಹೋದ. ಕಾಡಿನಲ್ಲಿ ದೊರೆತನ ನಡೆಸುತ್ತಿದ್ದೆ ಎಂದ ಕಾಲದಲ್ಲೇ, 1882ರಲ್ಲಿ, ಸಿಡ್ನಿಯಲ್ಲಿ ಲಕ್ಷಣವಾಗಿ ಮದುವೆಯಾಗಿ ಸಂಸಾರ ಹೂಡಿದ್ದ. 1898ರ ಸೆಪ್ಟೆಂಬರಿನಲ್ಲಿ ಬ್ರಿಸ್ಟಲ್‌ನಲ್ಲಿ ಸೇರಿದ್ದ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನ ಇವನನ್ನು ಕರೆಸಿ ಭಾಷಣ ಮಾಡಿಸಿತು. ಪಂಡಿತರು ಕೂತು ಕೇಳಿದರು. ಪ್ರೂಫ್ ಕೇಳುವ ಶಾಸ್ತ್ರದ ದೃಷ್ಟಿಯಿಂದ ಇದು ಮೊದಲ ಶ್ರವಣ, ಅದೂ ವಿಫಲ ಶ್ರವಣ. ಪತ್ತೆ ಹಚ್ಚಿದ್ದು ‘ಡೈಲಿ ಕ್ರಾನಿಕಲ್’ ಎಂಬ ದಿನಪತ್ರಿಕೆ.

ಈಗ ಮುಖ್ಯ ಅಧಿಕರಣಕ್ಕೆ ಬರೋಣ. ಪುಸ್ತಕದ ಆರಂಭದಲ್ಲೇ ನಾಯಕ ತಾನು 1844ರಲ್ಲಿ ಪ್ಯಾರಿಸ್ಸಿನಲ್ಲೋ ಅದರ ಹತ್ತಿರವೋ ಹುಟ್ಟಿದೆ ಎನ್ನುತ್ತಾನೆ. ಓದುವವನು ನಿದ್ದೆಗಣ್ಣಿನಲ್ಲಿ ಬಾಯಿತಪ್ಪಿ 1847 ಎಂದುಬಿಟ್ಟ ಎಂದಿಟ್ಟುಕೊಳ್ಳಿ. ಇಡೀ ಗ್ರಂಥದಲ್ಲಿ ಮೊದಲ ಬಾರಿಗೆ ಒಂದು ನಿಜ ಹೊರಬಿದ್ದಂತಾಯಿತು. ಪ್ರೂಫ್ ಕೇಳುವವಳು ಏನು ಮಾಡಬೇಕು?

ಪೂರ್ವಪಕ್ಷಿ ಹೇಳುತ್ತಾನೆ: ಬಿಡಬೇಕು. ಶಬ್ದ ಪ್ರಮಾಣವಾಗಬೇಕಾದರೆ ಅದು ಆಪ್ತವಾಕ್ಯವಾಗಿರಬೇಕು, ಅಂದರೆ ನಂಬಿಕಸ್ಥನ ಮಾತಾಗಿರಬೇಕು. ಇಲ್ಲಿ ನಂಬಿಕಸ್ಥನು ನಿದ್ದೆಗಣ್ಣಿನ ಓದುಗನೇ ಹೊರತು ಗ್ರಂಥಕರ್ತನಲ್ಲ. ಸಿದ್ಧಾಂತಿಯ ಉತ್ತರ: ಅದು ದೋಷವೇ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದು ಗುರುತು ಹಾಕಿ, ‘ಏಳು ಎಂದು ಓದಿದ್ದೀರಿ, ಪುಸ್ತಕದಲ್ಲಿ ನಾಲ್ಕು ಇದೆ, ದಯವಿಟ್ಟು ಸರಿಪಡಿಸಿ’ ಎಂದು ವಿನಯದಿಂದ ಬರೆಯತಕ್ಕದ್ದು. ಓದುವವನು ಮತ್ತೆ ಮೈಕು ಹೂಡಿ, ಸುಳ್ಳನ್ನು ಸ್ಪಷ್ಟವಾಗಿ ಉಚ್ಚರಿಸಿ, ಆ ತುಂಡನ್ನು ಹಳೆಯ ಕಡತಕ್ಕೆ ಹೊಲಿಯತಕ್ಕದ್ದು. ಸತ್ಯ ಇಲ್ಲಿ ಮುದ್ರಣದೋಷದ ಸೋದರ, ಉಚ್ಚಾರದೋಷ.

ಇದಕ್ಕೆ ಪುರಾಣದ ಬಲವೂ ಇದೆ. ಇಂದ್ರನನ್ನು ಕೊಲ್ಲುವ ಮಗ ಹುಟ್ಟಲೆಂದು ತ್ವಷ್ಟೃ ಹೋಮ ಮಾಡಿದಾಗ ‘ಇಂದ್ರಶತ್ರು’ ಎಂಬಲ್ಲಿ ಸ್ವರ ತಪ್ಪಿತು. ಫಲವಾಗಿ ಮಗ ಇಂದ್ರನನ್ನು ಕೊಲ್ಲುವ ಬದಲು ಇಂದ್ರನೇ ಮಗನನ್ನು ಕೊಂದ. ಅಲ್ಲೊಬ್ಬಳು ಪ್ರೂಫ್ ಕೇಳುವವಳಿದ್ದಿದ್ದರೆ ಆ ಮಗ ವೃತ್ರಾಸುರ ಬದುಕಿಕೊಳ್ಳುತ್ತಿದ್ದ. ಅವನು ಬದುಕುವುದು ಲೋಕಕ್ಕೆ ಒಳ್ಳೆಯದೇ ಎಂಬುದು ಅವಳ ಅಧಿಕಾರವ್ಯಾಪ್ತಿಗೆ ಬರುವುದಿಲ್ಲ.

ಮೀಮಾಂಸಕರು ಇನ್ನೊಂದು ದಾರಿ ತೋರಿಸಬಹುದು. ಮರಗಳು ಸತ್ರಯಾಗಕ್ಕೆ ಕುಳಿತವು ಎಂಬಂಥ ಮಾತು ವೇದದಲ್ಲಿ ಬಂದಾಗ ಅವರು ಗಾಬರಿಯಾಗುವುದಿಲ್ಲ. ಅದು ಅರ್ಥವಾದ, ಯಾವುದೋ ವಿಧಿಯನ್ನು ಹೊಗಳಲು ಬಂದದ್ದು, ಅಕ್ಷರಾರ್ಥ ಹಿಡಿಯಬೇಡಿ ಎನ್ನುತ್ತಾರೆ. ರೂಜ್‌ಮಾಂಟನ ಹಾರುವ ವೊಂಬ್ಯಾಟುಗಳನ್ನೂ (ಬಿಲ ತೋಡಿಕೊಂಡು ನೆಲದೊಳಗೆ ಇರುವ ಗುಂಡನೆಯ ಪ್ರಾಣಿ ಅದು, ರೆಕ್ಕೆಗೂ ಅದಕ್ಕೂ ಸಂಬಂಧವಿಲ್ಲ) ಹೀಗೆಯೇ ಅರ್ಥವಾದವೆಂದು ಸಾಗಹಾಕಬಹುದಲ್ಲ? ಸಾಗಹಾಕಬಹುದಿತ್ತು. ಆದರೆ ಅರ್ಥವಾದಕ್ಕೆ ಹೊಗಳಲು ಒಂದು ವಿಧಿ ಬೇಕು. ಎಷ್ಟು ಹುಡುಕಿದರೂ ಇಲ್ಲಿ ನಮಗೆ ಸಿಕ್ಕ ವಿಧಿ ಒಂದೇ: ‘ಮುಂದಿನ ಸಂಚಿಕೆ ಕೊಳ್ಳತಕ್ಕದ್ದು.’

ಓದುಗರ ಗುಣದೋಷಕ್ಕೆ ‘ಪಾಣಿನೀಯ ಶಿಕ್ಷೆ’ ಎಂಬ ಉಚ್ಚಾರಣಶಾಸ್ತ್ರವೇ ಆಧಾರ. ಅದು ಆರು ಬಗೆಯ ಅಧಮ ಪಾಠಕರನ್ನು ಹೆಸರಿಸಿದೆ. ಹಾಡಿದಂತೆ ಓದುವವನು, ಓಡಿದಂತೆ ಓದುವವನು ಎಲ್ಲ ಕಾಲಕ್ಕೂ ಇದ್ದವರೇ. ತಲೆಯಾಡಿಸುವವನನ್ನು ಯಾಕೆ ಬೈದರು ಎಂಬುದು ಶತಮಾನಗಳ ಕಾಲ ಒಗಟಾಗಿತ್ತು ಎಂದು ನಮ್ಮ ಊಹೆ. ಮೈಕು ಬಂದು ಅದನ್ನು ಬಿಡಿಸಿತು: ತಲೆ ಆಡಿದರೆ ಬಾಯಿಗೂ ಮೈಕಿಗೂ ನಡುವಿನ ಅಂತರ ಬದಲಾಗಿ, ಒಂದು ಪದ ಕಿವಿಗೆ ಬಡಿದು, ಮುಂದಿನದು ಬಾವಿಯೊಳಗಿಂದ ಬರುತ್ತದೆ. ಸಣ್ಣ ಕಂಠದವನು ಎಂದರೆ 89 ಡೆಸಿಬೆಲ್ ಮುಟ್ಟದವನು, ಅನುಮಾನವೇ ಬೇಡ. ಬರೆದದ್ದನ್ನು ನೋಡಿ ಓದುವವನೂ ಅಧಮನೇ ಎಂದು ಶಿಕ್ಷೆ ಹೇಳುವಲ್ಲಿ ಮಾತ್ರ ನಾವು ಗೌರವದಿಂದ ಮುಂದಿನ ಶ್ಲೋಕಕ್ಕೆ ಹೋಗುತ್ತೇವೆ, ಇಲ್ಲದಿದ್ದರೆ ಲಿಬ್ರಿವಾಕ್ಸ್‌ಗೆ ಬೀಗ ಹಾಕಬೇಕಾಗುತ್ತದೆ. ಅರ್ಥ ತಿಳಿಯದೆ ಓದುವವನದು ಬೇರೆ ಸಮಸ್ಯೆ. ಈ ಗ್ರಂಥಕ್ಕೆ ಅವನೇ ಉತ್ತಮಾಧಿಕಾರಿ. ಅರ್ಥ ತಿಳಿದವನು ಆಮೆಸವಾರಿಯ ಭಾಗ ಬಂದಾಗ ನಗುತ್ತಾನೆ, ನಗು ಪಠ್ಯದಲ್ಲಿಲ್ಲ, ಆದ್ದರಿಂದ ಕತ್ತರಿಸಬೇಕು.

ಪಠ್ಯದಲ್ಲಿಲ್ಲದ ಸದ್ದಿನ ವಿಚಾರದಲ್ಲಿ ಶ್ವಾನಾಧಿಕರಣವೆಂಬ ಒಂದು ಸೂಕ್ಷ್ಮ ಚರ್ಚೆಯುಂಟು. ಬ್ರೂನೋ ಬೊಗಳುವ ಸನ್ನಿವೇಶವನ್ನು ಓದುವಾಗ ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ನಾಯಿ ಬೊಗಳಿದರೆ ಅದು ದೋಷವೋ ಅಲಂಕಾರವೋ? ಅಲಂಕಾರವೆನ್ನುವವರು ಔಚಿತ್ಯವನ್ನು ಮುಂದಿಡುತ್ತಾರೆ. ನಮ್ಮ ನಿರ್ಣಯ ಕಠಿಣ: ಬ್ರೂನೋ ಅಕ್ಷರರೂಪಿ, ಅವನು ಬೊಗಳುವುದು ಅಚ್ಚಿನಲ್ಲಿ ಮಾತ್ರ. ಪಕ್ಕದ ಮನೆಯ ನಾಯಿ ಮಾಂಸರೂಪಿ, ನಿಜವಾಗಿ ಇದೆ, ಅದಕ್ಕೇ ಅದು ಅಪ್ರಸ್ತುತ. ಬೆಂಗಳೂರಿನಲ್ಲೋ ಪುತ್ತೂರಿನಲ್ಲೋ ಕೂತು ಓದುವ ಸ್ವಯಂಸೇವಕಿಯ ಕುಕ್ಕರಿನ ಸಿಳ್ಳೆಗೂ ಇದೇ ನ್ಯಾಯ. ನರಭಕ್ಷಕರ ಹಬ್ಬದೂಟದ ವರ್ಣನೆಯ ನಡುವೆ ಅದು ಬಂದಿದ್ದರೂ ತೆಗೆಯತಕ್ಕದ್ದು, ಆಗಂತೂ ತಪ್ಪದೆ ತೆಗೆಯತಕ್ಕದ್ದು.

ಇದಕ್ಕಿಂತ ಗಹನವಾದದ್ದು ‘ನಾನು’ ಎಂಬುದರ ಪ್ರಶ್ನೆ. ಅಧ್ಯಾಯಗಳನ್ನು ಹಂಚಿಕೊಂಡು ಓದುವ ಪದ್ಧತಿ ಲಿಬ್ರಿವಾಕ್ಸ್‌ನಲ್ಲಿ ಸಾಮಾನ್ಯ. ಹಾಗಾದಾಗ ಒಂದನೇ ಅಧ್ಯಾಯದಲ್ಲಿ ‘ನಾನು’ ಟೆಕ್ಸಸ್ಸಿನ ಗಂಡಸು, ಎರಡರಲ್ಲಿ ಲಂಕಾಷೈರಿನ ಅಜ್ಜಿ, ಮೂರರಲ್ಲಿ ನೆಗಡಿಯಾದ ಒಬ್ಬ ವಿದ್ಯಾರ್ಥಿ. ಅಜ್ಜಿಯೂ ಯಾಂಬಾಳನ್ನು ನನ್ನ ಹೆಂಡತಿ ಎನ್ನುತ್ತಾಳೆ. ಅದ್ವೈತಿಗಳಿಗೆ ಇದು ಹಬ್ಬ: ಉಪಾಧಿಗಳು ಹಲವು, ಆತ್ಮ ಒಂದೇ. ನೈಯಾಯಿಕರು ಮಾತ್ರ ತಲೆ ಕೆರೆದುಕೊಳ್ಳುತ್ತಾರೆ, ಯಾಕೆಂದರೆ 1898ರಲ್ಲಿ ಒಬ್ಬನೇ ಹೇಳಿದ್ದ ಸುಳ್ಳಿಗೆ ಈಗ ಒಂದು ಡಜನ್ ಮರ್ಯಾದಸ್ಥರು ಪ್ರತ್ಯಕ್ಷಸಾಕ್ಷಿಗಳು.

ನಮ್ಮ ಗಮಕ ಪದ್ಧತಿಯಲ್ಲಾದರೆ ಇಷ್ಟು ಕಷ್ಟವಿರಲಿಲ್ಲ. ಅಲ್ಲಿ ವಾಚನ ಮಾಡುವವರ ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತಿರುತ್ತಾರೆ. ಕವಿ ಅತಿ ಮಾಡಿದರೆ ಅವರು ಸಭೆಯ ಕಡೆ ನೋಡಿ, ಗಂಟಲು ಸರಿಮಾಡಿಕೊಂಡು, ನಾಲ್ಕು ಮಾತಿನಲ್ಲಿ ಸಮಾಧಾನ ಹೇಳಿ ಮುಂದಿನ ಪದ್ಯಕ್ಕೆ ದಾರಿ ಬಿಡುತ್ತಾರೆ. ಲಿಬ್ರಿವಾಕ್ಸ್ ವ್ಯಾಖ್ಯಾನಕಾರನ ಚಾಪೆಯನ್ನೇ ಸುತ್ತಿಟ್ಟಿದೆ. ಉಳಿದದ್ದು ತಾಳೆಗರಿಯ ಲಿಪಿಕಾರರ ಹಳೆಯ ಜಾಣತನ: ಕೊನೆಯ ಗರಿಯಲ್ಲಿ, ಕಂಡಂತೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ, ದೋಷ ನನ್ನದಲ್ಲ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು. ಪ್ರೂಫ್ ಕೇಳುವವಳಿಗೆ ಆ ಷರಾ ಬರೆಯುವುದಕ್ಕೂ ಜಾಗವಿಲ್ಲ.

ಶಾಸ್ತ್ರಕಾರರನ್ನು ಕಾಡಲೆಂದೇ ರೂಜ್‌ಮಾಂಟ್ ಕೊನೆಗೊಂದು ತಂಟೆ ಮಾಡಿದ. ಬಯಲಾದ ಮೇಲೆ ಅವನು ದಕ್ಷಿಣ ಆಫ್ರಿಕಾದ ರಂಗಮಂದಿರಗಳಲ್ಲಿ ‘ಭೂಮಿಯ ಮೇಲಿನ ಅತಿದೊಡ್ಡ ಸುಳ್ಳುಗಾರ’ ಎಂದು ತನ್ನನ್ನೇ ಜಾಹೀರು ಮಾಡಿಕೊಂಡು ಕಾಸು ಮಾಡಿದ. ಆಸ್ಟ್ರೇಲಿಯಾದಲ್ಲಿ ಅದೇ ಆಟ ಹೂಡಲು ಹೋಗಿ ಕೂಗಾಡಿಸಿಕೊಂಡು ಬಂದ. ಇಲ್ಲಿಯವರೆಗೆ ಸರಿ. ಆದರೆ 1906ರಲ್ಲಿ ಲಂಡನ್ನಿನ ಹಿಪೊಡ್ರೋಮಿನಲ್ಲಿ, ನೀರು ತುಂಬಿದ ತೊಟ್ಟಿಯಲ್ಲಿ, ಎಲ್ಲರೂ ನೋಡುತ್ತಿದ್ದಂತೆ ಆಮೆಯ ಬೆನ್ನೇರಿ ಸವಾರಿ ಮಾಡಿಯೇ ತೋರಿಸಿದ. ಜನ ಎಲ್ಲಕ್ಕಿಂತ ಹೆಚ್ಚು ನಕ್ಕ ಮಾತುಗಳಲ್ಲಿ ಒಂದು ಹೀಗೆ ಪ್ರತ್ಯಕ್ಷಪ್ರಮಾಣಕ್ಕೆ ಬಂತು. ಸುಳ್ಳಿನ ರಾಶಿಯಲ್ಲಿ ಒಂದು ನಿಜ ಸೇರಿಕೊಂಡರೆ ರಾಶಿಯೆಲ್ಲ ಸಂದೇಹಕ್ಕೆ ಬೀಳುತ್ತದೆ. 1921ರಲ್ಲಿ ಅವನು ಲಂಡನ್ನಿನಲ್ಲಿ ಬಡತನದಲ್ಲಿ ತೀರಿಕೊಂಡ, ಆಗ ಅವನ ಹೆಸರು ಲೂಯಿ ರೆಡ್‌ಮನ್. ಮೂರನೆಯ ಹೆಸರು.

ಉಳಿದಿರುವುದು ಕಾರ್ಯವಿಧಾನದ ಒಂದು ಸಣ್ಣ ವಿಷಯ. ಪ್ರತಿ ಅಧ್ಯಾಯದ ಮುಂದೆ ಅದರ ಸ್ಥಿತಿ ಬರೆಯಲು ಒಂದು ಚೌಕವಿದೆ. ಲೋಪವಿದ್ದರೆ ‘ಪಿಎಲ್ ನೋಟ್ಸ್ ನೋಡಿ’ ಎಂದು ಬರೆಯಬೇಕು (ಪಿಎಲ್ ಎಂದರೆ ಪ್ರೂಫ್ ಲಿಸನರ್, ಅಂದರೆ ಇವಳೇ). ಇಲ್ಲದಿದ್ದರೆ ‘ಪಿಎಲ್ ಓಕೆ’. ‘ನಿಜ’ ಎಂದಾಗಲಿ ‘ಬೊಗಳೆ’ ಎಂದಾಗಲಿ ‘ಅಯ್ಯೋ ದೇವರೇ’ ಎಂದಾಗಲಿ ಆಯ್ಕೆಯಿಲ್ಲ. ಹುಟ್ಟಿದ ವರ್ಷ ಮತ್ತೆ 1844 ಆಗಿದೆ, ನಾಯಿ ಮೌನವಾಗಿದೆ, ಕುಕ್ಕರು ಇಳಿದಿದೆ, ನಗು ಹೋಗಿದೆ, ಕೊನೆಯ ಐದು ಸೆಕೆಂಡು ಸರಿಯಾಗಿದೆ. ಅವಳು ಇನ್ನೊಮ್ಮೆ ಕೇಳುತ್ತಾಳೆ, ‘ಪಿಎಲ್ ಓಕೆ’ ಎಂದು ಬರೆದು, ಚೆನ್ನಾಗಿ ಓದಿದ್ದೀರಿ ಎಂದು ಒಂದು ಮೆಚ್ಚುಗೆಯನ್ನೂ ಸೇರಿಸಿ, ಎರಡನೇ ಅಧ್ಯಾಯ ತೆರೆಯುತ್ತಾಳೆ.